ಎರಡು ಗೆರೆಯ ಬೀಗತನ

ಹುನ್ನೂರಿನ ಹೈಸ್ಕೂಲಿನಲ್ಲಿ ಹತ್ತನೇ ತರಗತಿ ದಾಟಿದವರಿಗೆಲ್ಲ ಗಂಗಾಂಬಿಕಾ ಟೀಚರ ಬೀಗರ ಪಾಠ ಗೊತ್ತು. ಪುಸ್ತಕದಲ್ಲಿ ಅದರ ಹೆಸರು ಸಹವೇಲೆನ್ಸೀಯ ಬಂಧ. ಆ ಹೆಸರನ್ನು ಮಕ್ಕಳ ಬಾಯಲ್ಲಿ ಹೊರಳಿಸುವುದರಲ್ಲೇ ಅರ್ಧ ಪೀರಿಯಡ್ಡು ಹೋಗುತ್ತದೆಂದು ಅವಳು ಮೊದಲ ವರ್ಷವೇ ಕಂಡುಕೊಂಡಳು. ಮರುದಿನ ಬೋರ್ಡಿನ ಮೇಲೆ ಎರಡು ಮನೆಗಳ ಚಿತ್ರ ಬರೆದು, ಎರಡಕ್ಕೂ ಹೈಡ್ರೋಜನ್ ಎಂದು ಹೆಸರಿಟ್ಟು, ಒಂದೊಂದರ ಮುಂದೆ ಎಲೆಕ್ಟ್ರಾನಿನ ಗುರುತಾಗಿ ಒಂದೊಂದು ಚುಕ್ಕಿ ಇಟ್ಟಳು.

"ಸೋಡಿಯಂನವರು ಕ್ಲೋರಿನ್‌ನವರಿಗೆ ಕೊಟ್ಟು ಕೈ ತೊಳಕೊಂಡರು, ಅದು ಬ್ಯಾರೆ ಪಾಠ. ಇಲ್ಲಿ ಯಾರೂ ಯಾರಿಗೂ ಕೊಡೂದಿಲ್ಲ. ಇವರದೊಂದು, ಅವರದೊಂದು ನಡುವ ಇಡ್ತಾರ. ಎರಡೂ ಮನಿಯವರು ಎರಡನ್ನೂ ನಮ್ಮವ ಅಂತಾರ. ಬೀಗತನ ಅಂದ್ರ ಹಂಗ. ಆ ಜೋಡಿಗೊಂದು ಗೆರಿ ಎಳೀರಿ."

ಹುಡುಗರು ಗೆರೆ ಎಳೆದರು. ಆಕ್ಸಿಜನ್‌ನ ಎರಡು ಮನೆಗಳ ನಡುವೆ ಎರಡು ಗೆರೆ ಬಂದಾಗ ಪುಸ್ತಕ ಅದನ್ನು ದ್ವಿಬಂಧ ಎಂದಿತು, ತರಗತಿ ಡಬಲ್ ಬೀಗರು ಎಂದಿತು. ನೈಟ್ರೋಜನ್‌ನವರ ನಡುವೆ ಮೂರು ಗೆರೆ ಬಂದಾಗ ಒಂದು ವರ್ಷ ಹಿಂದಿನ ಬೆಂಚಿನಿಂದ ಯಾರೋ, "ಅವರಿಗೆ ಊರಾಗ ಬ್ಯಾರೆ ಮಂದೀನ ಸಿಗಲಿಲ್ಲೇನ್ರಿ ಟೀಚರ್?" ಎಂದು ಕೇಳಿದ್ದರು. ಗಂಗಾಂಬಿಕಾ ಆ ಪ್ರಶ್ನೆಯನ್ನು ಪ್ರತಿ ವರ್ಷ ತಾನೇ ಕೇಳಿ ನಗಿಸುತ್ತಿದ್ದಳು. ಹೆಸರಿಡುವ ಪಾಠದಲ್ಲಿ ಮಾತ್ರ ಅವಳು ಬಿಗಿ. ಕಾರ್ಬನ್ ಕಾರ್ಬನ್ ನಡುವೆ ಒಂದು ಗೆರೆ ಇದ್ದರೆ ಈಥೇನ್, ಎರಡಿದ್ದರೆ ಈಥೀನ್. ನಡುವಿನ ಒಂದಕ್ಷರ ತಪ್ಪಿದರೆ ಮನೆತನವೇ ಬದಲಾಗುತ್ತದೆಂದು ಹೆದರಿಸುತ್ತಿದ್ದಳು. ಫಲಿತಾಂಶ ಛಲೋ ಬರುತ್ತಿತ್ತು. ಹೀಗಾಗಿ ಪಾಠದಲ್ಲಿ ಬೀಗರು ಯಾಕೆ ಬಂದರು ಎಂದು ಮೇಲಿನವರು ಯಾರೂ ಕೇಳಲಿಲ್ಲ.

ಡಬಲ್ ಬೀಗತನ ಏನೆಂಬುದನ್ನು ಗಂಗಾಂಬಿಕಾ ಯಾವ ಪುಸ್ತಕದಿಂದಲೂ ಕಲಿಯಬೇಕಾಗಿರಲಿಲ್ಲ. ಅವಳ ತವರು ಬೀಳಗಿ ತಾಲೂಕಿನ ಬಾಡಗಂಡಿ, ಗಂಡನ ಮನೆ ಕೃಷ್ಣೆಯ ದಂಡೆಯ ಹಿಪ್ಪರಗಿ. ಅವಳನ್ನು ಹಿಪ್ಪರಗಿಯ ಈಶ್ವರನಿಗೆ ಕೊಟ್ಟ ದಿನವೇ, ಅದೇ ಹಂದರದಲ್ಲಿ, ಈಶ್ವರನ ತಂಗಿ ಸೌಂದರ್ಯಾಳನ್ನು ಅವಳ ಅಣ್ಣ ಬಸವಕುಮಾರನಿಗೆ ತಂದುಕೊಂಡರು. ಹೆಣ್ಣು ಕೊಟ್ಟು ಹೆಣ್ಣು ತರುವ ಪದ್ಧತಿ ಆ ಕಡೆಯ ಕಬ್ಬಿನ ಮನೆತನಗಳಲ್ಲಿ ಹೊಸದೇನಲ್ಲ. ನಿಮ್ಮ ಹುಡುಗಿ ನಮ್ಮಲ್ಲಿ, ನಮ್ಮ ಹುಡುಗಿ ನಿಮ್ಮಲ್ಲಿ, ಯಾರೂ ಯಾರನ್ನೂ ನೋಯಿಸುವಂತಿಲ್ಲ ಎಂದು ಹಿರಿಯರು ಖುಷಿಯಿಂದ ಎಲೆಯಡಿಕೆ ಹಾಕಿಕೊಂಡರು. ಒಬ್ಬಳು ಗಂಡನ ಮನೆ ಬಿಟ್ಟು ಬಂದರೆ ಇನ್ನೊಬ್ಬಳೂ ತವರಿಗೆ ಹೋಗಬೇಕು ಎಂಬುದನ್ನು ಅಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಎಲ್ಲರಿಗೂ ಗೊತ್ತಿದ್ದ ಮಾತನ್ನು ಹಂದರದಲ್ಲಿ ಯಾಕೆ ಹೇಳಬೇಕು!

ಆ ಎರಡು ಮದುವೆಗಳಿಂದ ಹುಟ್ಟಿದ ಒಂದು ತಮಾಷೆ ಮಾತ್ರ ಚೆನ್ನಾಗಿತ್ತು. ಗಂಗಾಂಬಿಕಾಗೆ ಸೌಂದರ್ಯಾ ಅಣ್ಣನ ಹೆಂಡತಿ, ಅಂದಮೇಲೆ ವೈನಿ. ಸೌಂದರ್ಯಾಗೂ ಗಂಗಾಂಬಿಕಾ ಅಣ್ಣನ ಹೆಂಡತಿ, ಅಂದಮೇಲೆ ಅವಳೂ ವೈನಿ. ಫೋನೆತ್ತಿದರೆ ಈ ಕಡೆಯಿಂದ "ಏನ್ ಮಾಡಾಕತ್ತೀರಿ ವೈನಿ?", ಆ ಕಡೆಯಿಂದ "ರೊಟ್ಟಿ ಬಡಿಯಾಕತ್ತೇನ್ರಿ ವೈನಿ." ಈಗ ಬೀಳಗಿಯ ವಸತಿ ಶಾಲೆಯಲ್ಲಿ ಓದುತ್ತಿರುವ ಗಂಗಾಂಬಿಕಾಳ ಮಗಳು, ಚಿಕ್ಕವಳಿದ್ದಾಗ, ವೈನಿ ಎಂದರೆ ಹಲೋ ಎಂದೇ ತಿಳಿದಿದ್ದಳು.

ವರ್ಷಗಳು ಕಳೆದಂತೆ ಆ ಫೋನುಗಳಲ್ಲಿ ನಗೆ ಕಡಿಮೆಯಾಯಿತು. ಬಸವಕುಮಾರನಿಗೆ ಮಕ್ಕಳಾಗಲಿಲ್ಲ. ಮೊದಮೊದಲು ಅವನು ಹೆಂಡತಿಯೊಡನೆ ಮಾತು ಬಿಟ್ಟ, ಆಮೇಲೆ ಬೈದ, ಆಮೇಲೆ ಕೈ ಎತ್ತಿದ. ಸೌಂದರ್ಯಾ ಅತ್ತುಕೊಂಡು ಫೋನು ಮಾಡಿದಾಗಲೆಲ್ಲ ಗಂಗಾಂಬಿಕಾ ಹೇಳುತ್ತಿದ್ದದ್ದು ಒಂದೇ ಮಾತು: "ಸ್ವಲ್ಪ ತಾಳ್ರಿ ವೈನಿ. ಅಣ್ಣಾ ಮನಸ್ಸಿನಿಂದ ಕೆಟ್ಟಂವ ಅಲ್ಲ." ಆ ಮಾತಿನಲ್ಲಿ ಅರ್ಧ ಅಣ್ಣನ ಮೇಲಿನ ಪ್ರೀತಿ. ಉಳಿದರ್ಧ ತನ್ನ ಮನೆಯ ಭಯ. ಸೌಂದರ್ಯಾ ಬಾಡಗಂಡಿಯಲ್ಲಿ ತಾಳಿಕೊಂಡಷ್ಟು ದಿನ ಗಂಗಾಂಬಿಕಾ ಹಿಪ್ಪರಗಿಯಲ್ಲಿ ಸುಖವಾಗಿರಬಹುದು, ಲೆಕ್ಕ ಅಷ್ಟು ಸರಳ.

ಆಷಾಢದ ಒಂದು ಸಂಜೆ ಗಂಗಾಂಬಿಕಾ ಶಾಲೆಯಿಂದ ಬಂದು ಸ್ಕೂಟಿ ನಿಲ್ಲಿಸುವಾಗ ಹೊಸ್ತಿಲ ಹೊರಗೆ ಗುರುತಿನ ಚಪ್ಪಲಿ ಕಂಡವು. ಒಳಗೆ ಸೌಂದರ್ಯಾ ತಾಯಿಯ ಪಕ್ಕ ಗೋಡೆಗೆ ಒರಗಿ ಕೂತಿದ್ದಳು. ಕಿವಿಯ ಕೆಳಗೆ ಬಾವು ಬಂದಿತ್ತು, ಕಾಲ ಬಳಿ ಬಟ್ಟೆಯ ಚೀಲ. ಅತ್ತೆ ಸಾವಿತ್ರೆವ್ವ ಮಗಳ ತಲೆ ಸವರುತ್ತಿದ್ದಳು.

"ಸಾಕಾತ್ರಿ ವೈನಿ," ಎಂದಳು ಸೌಂದರ್ಯಾ. "ಆಳುಗಳ ಮುಂದ ಹೊಡದ್ರು. ಇನ್ನ ನಾ ಹೋಗೂದಿಲ್ಲ."

ಗಂಗಾಂಬಿಕಾಗೆ ಮೊದಲು ಬಂದದ್ದು ಕನಿಕರವಲ್ಲ. ನನ್ನ ಗತಿ ಏನು ಎಂಬ ಹೆದರಿಕೆ ಬಂತು. ಕನಿಕರ ಅದರ ಬೆನ್ನಿಗೇ ಬಂತು, ಆದರೆ ಎರಡನೆಯದಾಗಿ ಬಂತು. ಅದು ಅವಳಿಗೂ ತಿಳಿಯಿತು, ನಾಚಿಕೆಯೂ ಆಯಿತು.

ಸಾವಿತ್ರೆವ್ವ ಸೊಸೆಗೆ ಒಂದು ಮಾತೂ ಅನ್ನಲಿಲ್ಲ. ಅವಳಿಗೆ ಸೊಸೆಯ ಮೇಲೆ ಜೀವವಿತ್ತು; ಮಗಳ ಮೇಲೂ ಇತ್ತು; ಮಂದಿಯ ಬಾಯಿಯ ಭಯ ಇವೆರಡಕ್ಕಿಂತ ಒಂದು ತೂಕ ಹೆಚ್ಚಿತ್ತು. ಇಂಥ ಹೊತ್ತಿನಲ್ಲಿ ಮಾಡುತ್ತಿದ್ದಂತೆ ರಬಕವಿಯಲ್ಲಿದ್ದ ತಮ್ಮ ರಾಮಲಿಂಗಪ್ಪನಿಗೆ ಹೇಳಿ ಕಳಿಸಿದಳು. ರಾಮಲಿಂಗಪ್ಪ ಬೀಗರ ನಡುವಿನ ತಂಟೆಗಳನ್ನು ಸದ್ದಿಲ್ಲದೆ ಮುಗಿಸುವುದರಲ್ಲಿ ಹೆಸರಾದವನು. ಸದ್ದು ಆಗಕೂಡದು, ಅಷ್ಟೇ ಅವನ ನ್ಯಾಯ. ಬಂದವನೇ ಕಾಲು ತೊಳೆದು, ಹಾಸಿದ ಜಮಖಾನೆಯ ಮೇಲೆ ಕೂತು, ಮೊದಲೇ ಮಾಡಿಕೊಂಡು ಬಂದ ತೀರ್ಮಾನ ಬಿಚ್ಚಿದ.

"ಜಗಳ ಬ್ಯಾಡ, ಪಂಚಾಯ್ತಿ ಬ್ಯಾಡಕ್ಕಾ. ನಾಗರ ಪಂಚಮಿ ಬಂತು. ವರ್ಷಾ ಬಂದಂಗ ಬಸವಕುಮಾರ ತಂಗೀನ ಹಬ್ಬಕ್ಕ ಕರಿಯಾಕ ಬರ್ಲಿ, ನಾ ಫೋನ್ ಮಾಡ್ತೇನಿ. ಆಕಿ ಹೋಗ್ಲಿ. ಹೋಗಿ ಅಲ್ಲೇ ಇರ್ಲಿ. ಮಂದಿ ಕಣ್ಣಿಗಿ ಹಬ್ಬಕ್ಕ ಹೋದಂಗ ಆತು. ತಂಗಿ ಬಂದು ಮನ್ಯಾಗ ಕುಂತ ಮ್ಯಾಲ ಅಂವನೂ ಮೆತ್ತಗಾಗ್ತಾನ, ನಮ್ಮ ಹುಡಿಗೀನ ಕೈ ಮುಗದು ಕರಕೊಂಡ ಹೋಗ್ತಾನ."

"ಕರಕೊಂಡ ಹೋಗದಿದ್ರ?" ಈಶ್ವರ ಕೇಳಿದ.

"ಹೋಗದಿದ್ರ ಸಮಾ ಆತಲ್ಲಪಾ. ನಮ್ಮಾಕಿ ನಮ್ಮಲ್ಲಿ, ಅವರಾಕಿ ಅವರಲ್ಲಿ."

ಅವರಾಕಿ ಆಗ ಅಡುಗೆಮನೆಯಲ್ಲಿ ಎಲ್ಲರಿಗೂ ಚಹಾ ಸೋಸುತ್ತಿದ್ದಳು. ಸಕ್ಕರೆ ಯಾರಿಗೆ ಎಷ್ಟು ಎಂದು ಕೇಳದೆ ಗೊತ್ತಿದ್ದ ಮನೆಯಲ್ಲಿ ತನ್ನನ್ನು ಅವರಾಕಿ ಎಂದದ್ದು ಅವಳಿಗೆ ನೆಟ್ಟಗೆ ಎದೆಗೆ ತಾಗಿತು. ಆದರೂ ಚಹಾ ಕೊಟ್ಟಳು.

ಈಶ್ವರ ಒಳ್ಳೆಯವನು. ಅವನ ಒಳ್ಳೆಯತನ ಕಾಲುವೆಯ ಕೊನೆಯ ಹೊಲಕ್ಕೆ ನೀರು ಬಂದ ಹಾಗೆ, ಬರುತ್ತದೆ, ಹೊತ್ತಾಗುತ್ತದೆ. ಹಿತ್ತಿಲಲ್ಲಿ ಟ್ರ್ಯಾಕ್ಟರಿನ ಟೈರಿಗೆ ಗಾಳಿ ಹೊಡೆಯುತ್ತಿದ್ದವನ ಮುಂದೆ ನಿಂತು ಗಂಗಾಂಬಿಕಾ ಕೇಳಿದಳು:

"ನೀವು ಏನಂತೀರಿ?"

"ಮಾಮಾ ಹೇಳ್ಯಾನಲ್ಲ... ಅವ್ವಗೂ ಹಂಗ ಅನಸೇತಿ. ನೋಡೂಣು."

"ನೋಡಾಕ ಏನೈತಿ? ನಾ ಇರ್ಬೇಕೋ ಹೋಗಬೇಕೋ?"

"ಇರ್ಬೇಕು," ಎಂದ ಈಶ್ವರ, ಟೈರಿಗೆ ಹೇಳಿದಂತೆ. ಆ ಮಾತನ್ನು ಜಮಖಾನೆಯ ಮೇಲೆ ಕೂತವರ ಮುಂದೆ ಹೇಳುವಷ್ಟು ಗಾಳಿ ಅವನಲ್ಲಿ ಇನ್ನೂ ತುಂಬಿರಲಿಲ್ಲ.

ಆ ವಾರವೇ ಶಾಲೆಯಲ್ಲಿ ಕಿರುಪರೀಕ್ಷೆ. ಈಥೀನ್‌ಗೆ ಹೈಡ್ರೋಜನ್ ಸೇರಿದಾಗ ಏನಾಗುತ್ತದೆ, ರಚನೆ ಬರೆದು ಹೆಸರಿಸಿ ಎಂಬುದು ಗಂಗಾಂಬಿಕಾ ಕೊಟ್ಟ ಪ್ರಶ್ನೆ. ಸುಲಭದ ಪ್ರಶ್ನೆ. ಎರಡು ಗೆರೆಗಳಲ್ಲಿ ಒಂದು ಬಿಡುತ್ತದೆ, ಹಾಗೆ ಬಿಡುವಾದ ಎರಡು ಕೈಗಳಿಗೆ ಒಂದೊಂದು ಹೈಡ್ರೋಜನ್ ಬಂದು ಹಿಡಿದುಕೊಳ್ಳುತ್ತದೆ, ಈಥೀನ್ ಹೋಗಿ ಈಥೇನ್ ಆಗುತ್ತದೆ. ಸ್ಟಾಫ್ ರೂಮಿನಲ್ಲಿ ಪತ್ರಿಕೆಗಳನ್ನು ತಿದ್ದಲು ಕೂತವಳಿಗೆ ಮೊದಲನೆಯದರಲ್ಲೇ ತಪ್ಪು ಸಿಕ್ಕಿತು. ಎರಡನೆಯದರಲ್ಲೂ ಅದೇ ತಪ್ಪು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದು ಗೆರೆ ಬಿಟ್ಟಿತು ಎಂದು ಸರಿಯಾಗಿ ಬರೆದು, ಆಮೇಲೆ ಯಾರೂ ಕೇಳದಿದ್ದರೂ ಉಳಿದ ಗೆರೆಯನ್ನೂ ಅಳಿಸಿ, ಎರಡು ಕಾರ್ಬನ್‌ಗಳನ್ನು ದೂರ ದೂರ ಸರಿಸಿ, ಸುತ್ತ ಹೈಡ್ರೋಜನ್ ಹಚ್ಚಿ, ಎರಡು ಮಿಥೇನ್ ಎಂದು ಹೆಸರು ಕೊಟ್ಟಿದ್ದರು. ಹೈಡ್ರೋಜನ್ ಸಾಲದವರು ಎಲ್ಲಿಂದಲೋ ತಂದುಕೊಂಡಿದ್ದರು.

ನಕಲು ಹೊಡೆದಿದ್ದಾರೆಂದು ಅವಳಿಗೆ ಮೊದಲು ಸಿಟ್ಟು ಬಂತು. ಆದರೆ ಮೊದಲ ಬೆಂಚಿನವರೂ ಕೊನೆಯ ಬೆಂಚಿನವರೂ, ಒಬ್ಬರಿಗೊಬ್ಬರು ಮಾತಾಡದವರೂ ಅದನ್ನೇ ಬರೆದಿದ್ದರು. ತರಗತಿಗೆ ಹೋಗಿ ಪೂನಮ್‌ಳನ್ನು ಎಬ್ಬಿಸಿದಳು. ಬೀರೇಶ್ವರ ದೇವರ ಒಕ್ಕಲಿನ ಮನೆಯ ಹುಡುಗಿ, ಕುರಿ ಕಾಯುವ ಮನೆತನ. ತರಗತಿಯಲ್ಲಿ ಅವಳಷ್ಟು ಚೊಕ್ಕಾಗಿ ರಚನೆ ಬರೆಯುವವರು ಇನ್ನೊಬ್ಬರಿಲ್ಲ.

"ಎರಡನೇ ಗೆರೀನ ಯಾಕ ಅಳಿಸಿದಿ?"

ಪೂನಮ್‌ಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಒಂದು ಮುರದ ಮ್ಯಾಲ ಇನ್ನೊಂದು ಹ್ಯಾಂಗ ಉಳಿತೈತ್ರಿ ಟೀಚರ್? ಡಬಲ್ ಬೀಗರಂತ ನೀವ ಹೇಳೀರಿ. ನಮ್ಮ ಕಾಕಿ ಬಿಟ್ಟು ತವರಿಗಿ ಹೋದ್ಲು, ವಾರದಾಗ ಆ ಮನಿಗಿ ಕೊಟ್ಟಿದ್ದ ನಮ್ಮತ್ತೀನ ಅವರು ಕಳಸಿಬಿಟ್ರು. ಒಂದು ಹೋದ್ರ ಎರಡೂ ಹೋಗೂದಲ್ರಿ?"

ಹೌದು ಎಂಬಂತೆ ತರಗತಿ ತಲೆಯಾಡಿಸಿತು. ಯಾರೂ ನಗಲಿಲ್ಲ.

ಗಂಗಾಂಬಿಕಾ ಸೀಮೆಸುಣ್ಣ ಹಿಡಿದು ಬೋರ್ಡಿಗೆ ಮುಖ ಮಾಡಿದಳು. ತಪ್ಪು ಮಕ್ಕಳದ್ದಲ್ಲ. ಅವಳು ಕಲಿಸಿದ್ದನ್ನೇ ಅವರು ನಂಬಿದ್ದರು, ಅವಳಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ನಂಬಿದ್ದರು. ಅವಳು ಎರಡು ಕಾರ್ಬನ್ ಬರೆದು ನಡುವೆ ಎರಡು ಗೆರೆ ಎಳೆದಳು. ಮೇಲಿನದನ್ನು ಬೆರಳಿನಿಂದ ಒರೆಸಿದಳು.

"ಕೆಳಗಿನದಕ್ಕ ಏನಾತು?"

"ಏನೂ ಆಗಿಲ್ರಿ."

"ಯಾಕ ಆಗಿಲ್ಲ?"

ಕಡೆಗೆ ಪೂನಮ್‌ಳೇ ಹೇಳಿದಳು: "ಅದರ ಜೋಡಿ ಬ್ಯಾರೆ ಐತ್ರಿ. ಮ್ಯಾಲಿನದು ಬ್ಯಾರೆ ಜೋಡಿ."

"ಹೌದಲ? ಇದರ ಎರಡು ಎಲೆಕ್ಟ್ರಾನು ಇದರವ. ಅದರವು ಏನ್ ಮಾಡಿದ್ವು ಅಂತ ಇವು ಕೇಳೂದಿಲ್ಲ. ಒಂದು ಬಂಧ ಬಿಟ್ಟಿತು, ಇನ್ನೊಂದು ಗಟ್ಟಿ ಐತಿ. ಕಾರ್ಬನ್ ಎಲ್ಲೂ ಹೋಗೂದಿಲ್ಲ. ಹೆಸರು ಹೇಳ್ರಿ?"

"ಈಥೇನ್," ಎಂದಿತು ತರಗತಿ.

"ನಾ ಹೇಳಿದ ಬೀಗರ ಮಾತನ್ನ ಎಲ್ಲಾರೂ ಹೊಡದು ಹಾಕ್ರಿ. ಬಂಧ ಅಂತ ಬರೀರಿ. ಬರೇ ಬಂಧ."

ಇಷ್ಟು ವರ್ಷ ನಗಿಸಿದ ಪಾಠವನ್ನು ಅವಳೇ ಹಾಗೆ ಅಳಿಸಿಹಾಕಿದ್ದಕ್ಕೆ ಮಕ್ಕಳಿಗೆ ಬೇಜಾರಾಯಿತು. ಗೊಣಗುತ್ತಲೇ ಬರೆದುಕೊಂಡರು. ಪೂನಮ್ ಮಾತ್ರ ಬರೆಯದೆ ಇನ್ನೂ ನಿಂತಿದ್ದಳು.

"ಹಂಗಾದ್ರ ನಮ್ಮತ್ತೀನ ಸುಳ್ಳೇ ಕಳಿಸಿದ್ರೇನ್ರಿ ಟೀಚರ್?"

ಗಂಟೆ ಹೊಡೆಯಿತು. ಗಂಗಾಂಬಿಕಾ ಡಸ್ಟರ್ ಎತ್ತಿಕೊಂಡು ಹೊರಗೆ ಬಂದಳು. ಹಿಪ್ಪರಗಿಯವರೆಗೂ ಆ ಹುಡುಗಿಯ ದನಿ ಸ್ಕೂಟಿಯ ಹಿಂದೆಯೇ ಬಂತು.

ನಾಗರ ಅಮಾವಾಸ್ಯೆಯ ಮರುದಿನ ಬಸವಕುಮಾರ ಜೀಪು ತಂದ. ಅವನ ಕೈಯಲ್ಲಿ ಅಣ್ಣಂದಿರು ಪಂಚಮಿಗೆ ತರುವ ಚೀಲವಿತ್ತು. ಒಳಗೆ ಕೊಬ್ಬರಿ ಬಟ್ಟಲು, ಕುಬಸದ ಬಟ್ಟೆ, ಎಳ್ಳಿನ ಉಂಡಿ. ಓಣಿಯವರು ನೋಡಿದರೆ ಹಬ್ಬಕ್ಕೆ ತಂಗಿಯನ್ನು ಕರೆಯಲು ಬಂದ ಅಣ್ಣ, ಅಷ್ಟೇ. ರಾಮಲಿಂಗಪ್ಪ ಬೆಳಿಗ್ಗೆಯೇ ಬಂದು ಜಮಖಾನೆ ಹಿಡಿದಿದ್ದ. ಗಂಗಾಂಬಿಕಾಳ ಚೀಲವನ್ನು ಸಾವಿತ್ರೆವ್ವ ತಾನೇ ಕಟ್ಟಿದ್ದಳು. ಸೀರೆಗಳ ಕೆಳಗೆ ಚಳಿಗಾಲದ ಶಾಲೂ ಇತ್ತು. ಪಂಚಮಿಯಲ್ಲಿ ಶಾಲು ಯಾರಿಗೆ ಬೇಕು? ಅದನ್ನು ಇಡುವಾಗ ಮುದುಕಿ ಅತ್ತಳು, ಅತ್ತರೂ ಇಟ್ಟಳು.

"ನಡೀ ತಂಗಿ," ಎಂದ ಬಸವಕುಮಾರ. ಹೆಂಡತಿಯ ಕಡೆ ನೋಡಲಿಲ್ಲ.

ಆಗ ಒಳಗಿನ ಕೋಣೆಯಿಂದ ಸೌಂದರ್ಯಾ ಬಂದಳು. ಬಂದ ದಿನ ತಂದ ಅದೇ ಚೀಲ ಕೈಯಲ್ಲಿತ್ತು.

"ವೈನೀನ ಬಿಡ್ರಿ. ನಾನ ಹೊಂಟೇನಿ ಬಾಡಗಂಡಿಗಿ. ನನ್ನ ಸಲುವಾಗಿ ಅವರ ಮನಿ ಯಾಕ ಮುರೀಬೇಕು?"

"ನೋಡು, ಹುಡಿಗಿಗೆ ಬುದ್ಧಿ ಬಂತು," ಎಂದ ರಾಮಲಿಂಗಪ್ಪ. ಈಶ್ವರ ಉಸಿರು ಬಿಟ್ಟ. ಬಸವಕುಮಾರನ ಹುಬ್ಬು ಸಡಿಲಾಯಿತು. ಗಂಗಾಂಬಿಕಾಳ ಎದೆಯೂ ಹಗುರಾಯಿತು. ಅದನ್ನು ಮುಚ್ಚಿಡುವುದು ಬೇಡ. ಇನ್ನು ಒಂದು ಗಳಿಗೆ ಅವಳು ಸುಮ್ಮನೆ ನಿಂತಿದ್ದರೆ ಸಾಕಿತ್ತು. ಸೌಂದರ್ಯಾ ಜೀಪು ಹತ್ತುತ್ತಿದ್ದಳು, ಶಾಲು ಪೆಟ್ಟಿಗೆಗೆ ವಾಪಸ್ ಹೋಗುತ್ತಿತ್ತು, ಸೋಮವಾರ ಅವಳು ಎಂದಿನಂತೆ ಶಾಲೆಗೆ ಹೋಗುತ್ತಿದ್ದಳು.

ಸೌಂದರ್ಯಾ ಹೊಸ್ತಿಲ ಬಳಿ ಚಪ್ಪಲಿ ಮೆಟ್ಟಲು ಬಾಗಿದಾಗ ಕಿವಿಯ ಕೆಳಗಿನ ಕಲೆ ಕಂಡಿತು. ಬಾವು ಇಳಿದು ಹಳದಿಗೆ ತಿರುಗಿತ್ತು. ಗಂಗಾಂಬಿಕಾ ಹೋಗಿ ಅವಳ ಕೈಯಿಂದ ಚೀಲ ತೆಗೆದುಕೊಂಡಳು.

"ಅಣ್ಣಾ, ಈ ಸಲ ಪಂಚಮಿಗಿ ನಾ ಬರೂದಿಲ್ಲ. ವೈನೀನೂ ಬರೂದಿಲ್ಲ."

"ಏನಂದಿ?"

"ನೀ ಹೊಡದಿ, ಅದಕ್ಕ ಅವರು ಬಂದಾರ. ನನ್ನ ಇವರು ಹೊಡದಿಲ್ಲ, ಬೈದಿಲ್ಲ. ನಾ ಯಾಕ ಬರ್ಲಿ? ಅವರ ಮಾತ ಬ್ಯಾರೆ, ನನ್ನ ಮಾತ ಬ್ಯಾರೆ."

"ರೂಢಿ ಅಂತ ಒಂದು ಐತೆವ್ವಾ," ರಾಮಲಿಂಗಪ್ಪ ದನಿ ತಗ್ಗಿಸಿದ. ಹೊರಗೆ ಓಣಿ ಇತ್ತಲ್ಲ.

"ಐತ್ರಿ ಮಾಮಾ. ಈ ಮನಿಯವರು ಹೋಗು ಅಂದ್ರ ನಾ ಹೋಗ್ತೇನಿ. ಆದ್ರ ಬಾಡಗಂಡಿಗಿ ಅಲ್ಲ. ಜಮಖಂಡ್ಯಾಗ ಒಂದು ಖೋಲಿ ಹಿಡೀತೇನಿ, ವೈನೀನೂ ಕರಕೊಂಡ ಹೋಗ್ತೇನಿ. ಇಬ್ಬರೂ ಅಲ್ಲೇ ಇರ್ತೇವಿ."

ಮಗಳು ಬಂದಳು ಸೊಸೆ ಹೋದಳು ಎಂಬುದಕ್ಕೆ ಸಾವಿತ್ರೆವ್ವ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಇಬ್ಬರೂ ಒಟ್ಟಿಗೆ ಹೋಗುವುದು ಅವಳ ಲೆಕ್ಕದಲ್ಲಿರಲಿಲ್ಲ, ರಾಮಲಿಂಗಪ್ಪನ ನ್ಯಾಯದಲ್ಲೂ ಇರಲಿಲ್ಲ. ಅವಳು ಮಗನ ಮುಖ ನೋಡಿದಳು. ಈಶ್ವರ ಎದ್ದ. ಬಾಗಿಲ ಬಳಿ ಕಟ್ಟಿಟ್ಟಿದ್ದ ಹೆಂಡತಿಯ ಚೀಲ ಎತ್ತಿಕೊಂಡು ಒಳಗಿನ ಕೋಣೆಗೆ ಹೋಗಿ ಇಟ್ಟು, ಬಂದು ಗಂಗಾಂಬಿಕಾಳ ಪಕ್ಕ ನಿಂತ. ಹೊತ್ತಾಗಿಯಾದರೂ ನೀರು ಹೊಲಕ್ಕೆ ಬಂದಿತ್ತು.

ಸಾವಿತ್ರೆವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಬಸವಕುಮಾರ, ಚಾ ಕುಡದು ಹೋಗಪಾ. ಇವರಿಬ್ಬರೂ ಇಲ್ಲೇ ಇರ್ತಾರ."

ಅವನು ಚಹಾ ಕುಡಿಯಲಿಲ್ಲ. ತಂಗಿಯ ಮುಂದೆ ನಿಂತು ಅವಳನ್ನೇ ನೋಡಿದ. ಪಂಚಮಿಗೆ ಕರೆಯಲು ಬಂದ ಅಣ್ಣನಿಗೆ ಬರುವುದಿಲ್ಲ ಎಂದ ತಂಗಿಯ ಸುದ್ದಿಯನ್ನು ಅವನು ಕೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

"ಆತು. ನಿನಗ ತವರಮನಿ ಇತ್ತು ಅನ್ನೂದನ್ನ ಮರತುಬಿಡು."

ಕೊಬ್ಬರಿ ಕುಬಸದ ಚೀಲವನ್ನು ತಿರುಗಿ ಎತ್ತಿಕೊಂಡು ಹೋಗಿ ಜೀಪಿನಲ್ಲಿಟ್ಟ. ರಾಮಲಿಂಗಪ್ಪ ಅಕ್ಕನಿಗೆ ಹೇಳದೆ ಅದೇ ಜೀಪು ಹತ್ತಿದ.

ಪಂಚಮಿಯ ದಿನ ಹಿತ್ತಿಲ ಬೇವಿನ ಮರಕ್ಕೆ ಈಶ್ವರ ಜೋಕಾಲಿ ಕಟ್ಟಿದ. ಸೌಂದರ್ಯಾ ಕೂತಳು, ಎಷ್ಟೋ ವರ್ಷದ ಮೇಲೆ ಅವಳು ಬಾಯಿ ತೆರೆದು ನಕ್ಕದ್ದು ಒಳಗಿದ್ದವರಿಗೂ ಕೇಳಿಸಿತು. ಅತ್ತೆ ಕರೆದಳು, "ನೀನೂ ಬಾರವಾ ಗಂಗಾ." ಗಂಗಾಂಬಿಕಾ ಒಲೆಯ ಮುಂದೆ ಕೂತು ಬರುತ್ತೇನೆ ಎಂದಳು. ಎದ್ದು ಹೋಗಲಿಲ್ಲ. ಮಾಡಿದ್ದಕ್ಕೆ ಅವಳಿಗೆ ಪಶ್ಚಾತ್ತಾಪವಿರಲಿಲ್ಲ, ನಾಳೆಯೂ ಅದನ್ನೇ ಮಾಡುತ್ತಿದ್ದಳು. ಆದರೆ ಚಿಕ್ಕಂದಿನಲ್ಲಿ ಬಾಡಗಂಡಿಯ ಮನೆಯ ಜೋಕಾಲಿಯನ್ನು, ಅವಳು ಸಾಕು ಎಂದರೂ ಬಿಡದೆ, ಮುಗಿಲಿಗೆ ಮುಟ್ಟುವಂತೆ ತೂಗುತ್ತಿದ್ದವನು ಬಸವಕುಮಾರ. ಹೆಂಡತಿಯ ಮೇಲೆ ಕೈ ಎತ್ತಿದವನೂ ಅವನೇ. ಈ ಇಬ್ಬರನ್ನೂ ಒಂದೇ ಹೆಸರಿನಿಂದ ಕರೆಯಬೇಕಾಗಿ ಬಂದದ್ದಕ್ಕೆ ಅವಳು ಒಲೆಯ ಹೊಗೆಯ ನೆಪದಲ್ಲಿ ಅತ್ತಳು.

ಆ ದಿನ ಪೂರ್ತಿ, ರಸ್ತೆಯಲ್ಲಿ ಜೀಪಿನ ಸದ್ದಾದಾಗಲೆಲ್ಲ, ಅವನಲ್ಲ ಎಂದು ಗೊತ್ತಿದ್ದರೂ, ಹೊಸ್ತಿಲವರೆಗೆ ಬಂದು ನೋಡಿದಳು.